‘ಅಪ್ಪ, ನೀನು ಯಾರನ್ನಾದ್ರೂ ಕೊಂದಿದ್ದೀಯಾ?’

ಪ್ರಶ್ನೆ: ಗೋಣಿಕೊಪ್ಪ ಹತ್ತಿರದ ಹಳ್ಳಿ ನಮ್ಮದು. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸ್. ಬೇಸಿಗೆ ರಜೆಗೆ ಮೈಸೂರಿಗೆ ಹೋದವಳು ಅಲ್ಲಿಂದ ‘ಹಂಗರ್ ಗೇಮ್ಸ್’ ಅನ್ನುವ ಮೂರು ಇಂಗ್ಲಿಷ್ ಪುಸ್ತಕ ತಂದಳು. ಮಳೆಗಾಲ ಪೂರ್ತಿ ಅದನ್ನೇ ಓದಿದಳು. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ. ಈಗ ನೋಟ್‌ಬುಕ್ ತುಂಬ ಸುಟ್ಟ ಊರುಗಳ ಚಿತ್ರ ಬರೆಯುತ್ತಾಳೆ. ಎನ್‌ಸಿಸಿ ಬೇಡ ಅನ್ನುತ್ತಿದ್ದಾಳೆ. ನಮ್ಮ ಮನೆಯವರು 24 ವರ್ಷ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. 1999ರಲ್ಲಿ ಕಾರ್ಗಿಲ್ ಕಡೆ ಇದ್ದರು ಅನ್ನುವುದು ಬಿಟ್ಟರೆ ನನಗೂ ಏನೂ ಹೇಳಿದವರಲ್ಲ. ಮಾವನವರೂ 1971ರ ಯುದ್ಧಕ್ಕೆ ಹೋಗಿದ್ದವರು. ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಆಗಿ ಊಟಕ್ಕೆ ಕೂತಾಗ ಮಗಳು, ‘ಅಪ್ಪ, ನೀನು ಯುದ್ಧದಲ್ಲಿ ಯಾರನ್ನಾದ್ರೂ ಕೊಂದಿದ್ದೀಯಾ?’ ಅಂತ ಕೇಳಿಬಿಟ್ಟಳು. ಇವರು ಅರ್ಧಕ್ಕೇ ಕೈ ತೊಳೆದುಕೊಂಡು ತೋಟಕ್ಕೆ ಹೋದರು. ಮೂರು ದಿನ ಸರಿಯಾಗಿ ಮಾತಿಲ್ಲ. ಆಮೇಲೆ, ಆ ಪುಸ್ತಕ ಮನೆಯಲ್ಲಿ ಇರಬಾರದು ಅಂದರು. ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇಂಥ ಪುಸ್ತಕ ಮಕ್ಕಳ ತಲೆ ಕೆಡಿಸುತ್ತದೆಯೇ? ಅದರಲ್ಲಿ ಬರುವ ಯುದ್ಧ ನಿಜವೇ? ಬರುವ ತಿಂಗಳು ಅವಳ ಹುಟ್ಟುಹಬ್ಬ. ಅದೇ ಸರಣಿಯ ಇನ್ನೊಂದು ಪುಸ್ತಕ ಬೇಕಂತೆ. ಕೊಡಿಸಲೇ, ಬೇಡವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಪುಸ್ತಕದ ಬಗ್ಗೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಊಟದ ಮನೆಯಲ್ಲಿ ಬಿದ್ದ ಆ ಒಂದು ಮಾತು, ಮತ್ತು ಅದಾದ ಮೇಲಿನ ಮೌನ. ಮಗಳಿಗೆ ಏನೋ ಆಗಿಬಿಟ್ಟಿದೆ ಅನ್ನುವ ಹೆದರಿಕೆ ಒಂದು ಕಡೆ. ಗಂಡನಿಗೆ ಎಲ್ಲಿ ನೋವಾಯಿತೋ ಅನ್ನುವ ಸಂಕಟ ಇನ್ನೊಂದು ಕಡೆ. ಎರಡಕ್ಕೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ನಾನು ಮಡಿಕೇರಿಯಲ್ಲಿ 22 ವರ್ಷದಿಂದ ಹದಿಹರೆಯದ ಮಕ್ಕಳಿಗೆ ಆಪ್ತ ಸಮಾಲೋಚನೆ ಮಾಡುತ್ತಿದ್ದೇನೆ. ಮಕ್ಕಳು ಓದುವುದನ್ನು ನಾನೂ ಓದುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಹಾಗಾಗಿ ಈ ಮೂರು ಪುಸ್ತಕ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಮಗಳು ಓದಿ ಮುಗಿಸಿರುವುದರಿಂದ ಕಥೆಯನ್ನು ಬಿಚ್ಚಿ ಹೇಳಿದರೆ ಯಾರಿಗೂ ಬೇಸರವಿಲ್ಲ.

ಮೊದಲು, ಬರೆದವರು ಯಾರು ಅಂತ ಹೇಳುತ್ತೇನೆ. ಸುಝಾನ್ ಕಾಲಿನ್ಸ್. ಅಮೆರಿಕದವರು. ಅವರ ಅಪ್ಪ ವಾಯುಪಡೆಯ ಅಧಿಕಾರಿ, ಇತಿಹಾಸ ಪಾಠ ಮಾಡಿದವರು. 1968ರಲ್ಲಿ ಅವರು ವಿಯೆಟ್ನಾಂ ಯುದ್ಧಕ್ಕೆ ಹೋದಾಗ ಈ ಮಗಳಿಗೆ ಆರು ವರ್ಷ. ಅಪ್ಪ ತಿರುಗಿ ಬಂದರು. ಜೊತೆಗೆ ಕೆಟ್ಟ ಕನಸುಗಳೂ ಬಂದವು. ರಾತ್ರಿ ಅಪ್ಪ ನಿದ್ದೆಯಲ್ಲಿ ಕೂಗುವುದು ಕೇಳಿ ತನಗೆ ಎಚ್ಚರವಾಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ವರ್ಷದ ಬಗ್ಗೆ ಚಿಕ್ಕ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನೂ ಬರೆದಿದ್ದಾರೆ. ಅಂದರೆ ನಿಮ್ಮ ಮಗಳು ಮಳೆಗಾಲ ಪೂರ್ತಿ ಓದಿದ್ದು ಒಬ್ಬ ಸೈನಿಕನ ಮಗಳು ಬರೆದ ಪುಸ್ತಕ. ಇದನ್ನು ನಿಮ್ಮ ಮನೆಯವರಿಗೆ ಹೇಳಿ. ಪುಸ್ತಕದ ಮೇಲಿನ ಅರ್ಧ ಸಿಟ್ಟು ಅಲ್ಲೇ ಇಳಿಯಬಹುದು.

ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆ ಅನ್ನುವುದು ನಿಜ. ಆದರೆ ಅದು ಅರ್ಧ ನಿಜ. 2008ರಲ್ಲಿ ಬಂದ ಮೊದಲ ಪುಸ್ತಕದಲ್ಲಿ, ಪನೆಮ್ ಅನ್ನುವ ಮುಂದಿನ ಕಾಲದ ದೇಶದಲ್ಲಿ, ಪ್ರತಿ ವರ್ಷ 12ರಿಂದ 18 ವರ್ಷದೊಳಗಿನ 24 ಮಕ್ಕಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಒಬ್ಬರೇ ಉಳಿಯುವವರೆಗೆ ಕಾದಾಡಿಸುತ್ತಾರೆ. ಟಿವಿಯಲ್ಲಿ ಇಡೀ ದೇಶ ನೋಡಲೇಬೇಕು. ಯಾಕೆ ಈ ಪದ್ಧತಿ? ಮುಕ್ಕಾಲು ಶತಮಾನದ ಹಿಂದೆ ಅಲ್ಲಿ ಒಂದು ದಂಗೆ ಆಗಿತ್ತು. ದಂಗೆ ಎದ್ದವರು ಸೋತರು. ಗೆದ್ದ ರಾಜಧಾನಿ ಒಪ್ಪಂದ ಬರೆಯಿತು. ಸೋತವರ ಮಕ್ಕಳು ವರ್ಷವರ್ಷವೂ ಬೆಲೆ ತೆರಬೇಕು ಅನ್ನುವುದು ಅದರ ಷರತ್ತು. ಹೀಗಾಗಿ ಆ ಆಟವೇ ಹಳೆಯ ಯುದ್ಧದ ಉಳಿಕೆ. ಯುದ್ಧ ನಿಂತಿದೆ, ಸೇಡು ನಿಂತಿಲ್ಲ. ಬಹಳ ಜನ ಓದುಗರು, ಸಿನಿಮಾ ನೋಡಿದವರಂತೂ ಇನ್ನೂ ಜಾಸ್ತಿ, ಇದನ್ನು ಗಮನಿಸುವುದೇ ಇಲ್ಲ. ಬಿಲ್ಲು ಬಾಣ ನೋಡುತ್ತಾರೆ, ಒಪ್ಪಂದ ನೋಡುವುದಿಲ್ಲ. ನಮ್ಮ ಕಾಲದ ನಿಜವಾದ ಇತಿಹಾಸದಲ್ಲೂ ಇದು ಇದೆ. 1919ರಲ್ಲಿ ವರ್ಸೇಲ್ಸ್‌ನಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ ಷರತ್ತುಗಳ ಕಹಿ ಅಲ್ಲಿಗೇ ಮುಗಿಯಲಿಲ್ಲ. ಇಪ್ಪತ್ತು ವರ್ಷಕ್ಕೆ ಇನ್ನೂ ದೊಡ್ಡ ಯುದ್ಧ ಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಆ ಕಹಿಯನ್ನು ಬಳಸಿಕೊಂಡೇ ಹಿಟ್ಲರ್ ಬೆಳೆದ.

ಮೂರನೇ ಪುಸ್ತಕ 2010ರದ್ದು. ನಿಮ್ಮ ಮಗಳ ಪ್ರಶ್ನೆ ಹುಟ್ಟಿರುವುದು ಇಲ್ಲಿಂದ ಅಂತ ನನ್ನ ಊಹೆ. ಇದರಲ್ಲಿ ಆಟವಿಲ್ಲ, ಯುದ್ಧವೇ ಇದೆ. ಹೆಚ್ಚಿನ ಸಾಹಸದ ಕಥೆಗಳು ಬಾವುಟ ಹಾರಿದಲ್ಲಿಗೆ ಮುಗಿಯುತ್ತವೆ, ಅಲ್ವಾ? ಇಲ್ಲಿ ಹಾಗಾಗುವುದಿಲ್ಲ. ಕಥಾನಾಯಕಿ ಕ್ಯಾಟ್ನಿಸ್ ತನ್ನ ತಂಗಿಯ ಜೀವ ಉಳಿಸಲು ಮೊದಲ ಪುಸ್ತಕದಲ್ಲಿ ತಾನೇ ಆಟಕ್ಕೆ ಹೋದವಳು. ಕೊನೆಗೆ ಅದೇ ತಂಗಿ ಬಾಂಬಿಗೆ ಸಾಯುತ್ತಾಳೆ. ಮೊದಲು ಸಣ್ಣ ಸ್ಫೋಟ ಆಗುತ್ತದೆ. ಗಾಯಗೊಂಡ ಮಕ್ಕಳನ್ನು ನೋಡಿಕೊಳ್ಳಲು ವೈದ್ಯಕೀಯ ತಂಡದವರು ಓಡಿಬರುತ್ತಾರೆ. ಆಗ ಎರಡನೇ ಸ್ಫೋಟ. ಆ ತಂತ್ರವನ್ನು ಯೋಚಿಸಿದ್ದು ಶತ್ರುವಲ್ಲ. ಅವಳ ಬಾಲ್ಯದ ಗೆಳೆಯ, ಅವಳದೇ ಪಕ್ಷದವನು. ಓಡಿಬಂದವರಲ್ಲಿ ತಂಗಿಯೂ ಇದ್ದಳು. ಆ ಬಾಂಬ್ ಯಾರು ಹಾಕಿದ್ದು ಅಂತ ಅವನಿಗೂ ಖಚಿತವಿಲ್ಲ, ಅವಳಿಗೂ ಇಲ್ಲ. ಇಬ್ಬರೂ ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಾರರು. ಗೆದ್ದ ಮೇಲೆ ದಂಗೆಯ ನಾಯಕಿ ಒಂದು ಪ್ರಸ್ತಾಪ ಇಡುತ್ತಾಳೆ: ಈಗ ಸೋತ ರಾಜಧಾನಿಯ ಮಕ್ಕಳಿಗೆ ಅದೇ ಆಟ ಆಡಿಸೋಣವೇ? ಹಳೆಯ ಒಪ್ಪಂದ ತಿರುಗಿ ಬಂತು ನೋಡಿ. 14 ವರ್ಷದ ಹುಡುಗಿ ಇಷ್ಟನ್ನು ಓದಿ ಪುಸ್ತಕ ಮುಚ್ಚಿ, ಗೋಡೆಯ ಮೇಲೆ ಸಮವಸ್ತ್ರದಲ್ಲಿರುವ ಅಪ್ಪನ ಫೋಟೋ ನೋಡಿದ್ದಾಳೆ. ಒಳ್ಳೆಯವರ ಕೈಯಲ್ಲೂ ಹೀಗಾಗಬಹುದಾದರೆ ನನ್ನ ಅಪ್ಪನಿಗೆ ಏನಾಗಿತ್ತು ಅಂತ ಯೋಚಿಸಿದ್ದಾಳೆ. ಕೇಳಿದ ರೀತಿ ಒರಟಾಯಿತು. ಕೇಳಬೇಕು ಅನಿಸಿದ್ದರಲ್ಲಿ ರೋಗವೇನೂ ಇಲ್ಲ.

ಈ ಪುಸ್ತಕದಲ್ಲಿ ನನಗೆ ಅತಿ ಹತ್ತಿರವಾದ ಭಾಗ ಕೊನೆಯ ಮೂವತ್ತು ಪುಟ. ಕ್ಯಾಟ್ನಿಸ್ ಬಾಂಬಿಗೆ ಸುಟ್ಟುಹೋದ ತನ್ನ ಊರಿಗೆ ವಾಪಸ್ ಬರುತ್ತಾಳೆ. ಅಮ್ಮ ಬರುವುದಿಲ್ಲ. ಸತ್ತ ಗಂಡ, ಮಗಳ ನೆನಪೇ ತುಂಬಿದ ಊರಿಗೆ ಬರಲು ಆ ತಾಯಿಗೆ ಆಗುವುದಿಲ್ಲ, ದೂರದ ಊರಿನಲ್ಲಿ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ಸೇರುತ್ತಾಳೆ. ಕ್ಯಾಟ್ನಿಸ್ ಒಲೆಯ ಮುಂದೆ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಾಳೆ. ದಿನಗಟ್ಟಲೆ ಏಳುವುದಿಲ್ಲ. ಒಂದು ದಿನ ತಂಗಿ ಸಾಕಿದ್ದ ಬೆಕ್ಕು ಅಷ್ಟು ದೂರದಿಂದ ಹೇಗೋ ನಡೆದು ಮನೆಗೆ ಬರುತ್ತದೆ. ಬಡಕಲಾಗಿದೆ, ಕಾಲಿಗೆ ಗಾಯವಾಗಿದೆ. ಇವಳು ಅದರ ಮೇಲೆ ಕಿರುಚುತ್ತಾಳೆ. ಅವಳಿಲ್ಲ, ಸತ್ತಿದ್ದಾಳೆ, ಹೋಗು ಅನ್ನುತ್ತಾಳೆ. ಬೆಕ್ಕು ಹೋಗುವುದಿಲ್ಲ. ಅಷ್ಟು ದಿನ ಬಾರದ ಅಳು ಅವಳಿಗೆ ಆಗ ಬರುತ್ತದೆ.

2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಕುಸಿದಾಗ ಮಕ್ಕಂದೂರು, ಮದೆನಾಡು, ಜೋಡುಪಾಲ ಕಡೆಯ ಮಕ್ಕಳ ಜೊತೆ ಪರಿಹಾರ ಕೇಂದ್ರಗಳಲ್ಲಿ ಕೆಲಸ ಮಾಡಿದೆ. ಮನೆ ಹೋಯಿತು ಅನ್ನುವಾಗ ಅಳದ ಮಕ್ಕಳು, ಬಿಟ್ಟು ಬಂದ ನಾಯಿ ಬದುಕಿದೆ ಅಂತ ಯಾರೋ ಹೇಳಿದಾಗ ಅತ್ತಿದ್ದನ್ನು ನೋಡಿದ್ದೇನೆ. ವರ್ಷಗಳ ನಂತರ ಅವರಲ್ಲಿ ಒಬ್ಬಳು ಈ ಪುಸ್ತಕ ಓದಿ ಬಂದು, ‘ಮೇಡಂ, ಬೆಕ್ಕಿನ ಪುಟ ಸುಳ್ಳಲ್ಲ’ ಅಂದಳು. ಅವಳ ಮಾತಿಗಿಂತ ದೊಡ್ಡ ವಿಮರ್ಶೆ ನನಗೆ ಬೇಕಿಲ್ಲ.

ಇನ್ನು, ಇಂಥ ಪುಸ್ತಕಗಳ ಬಗ್ಗೆ ನಾನು ಮತ್ತೆ ಮತ್ತೆ ಕೇಳುವ ಮಾತುಗಳಿಗೆ ಬರುತ್ತೇನೆ.

ಹಿಂಸೆ ಓದಿದ ಮಗು ಹಿಂಸೆ ಕಲಿಯುತ್ತದೆ ಅನ್ನುತ್ತಾರೆ. ಕಾದಂಬರಿ ಓದಿ ಕೈ ಎತ್ತಿದ ಮಗುವನ್ನು ನಾನು ಈ 22 ವರ್ಷದಲ್ಲಿ ನೋಡಿಲ್ಲ. ಬೇರೆ ಒಂದನ್ನು ನೋಡಿದ್ದೇನೆ. ಮೊದಲೇ ಒಳಗೆ ನೊಂದಿದ್ದ ಮಗು ಒಂದು ಪುಟದಲ್ಲಿ ಸಿಕ್ಕಿಕೊಂಡು ಅದನ್ನೇ ಓದುತ್ತಿರುತ್ತದೆ. ಹಾಗಾಗಿ ಪುಸ್ತಕ ನೋಡುವ ಬದಲು ಮಗಳನ್ನು ನೋಡಿ. ಊಟ, ನಿದ್ದೆ ಮೊದಲಿನಂತೆ ಇದೆಯೇ? ಗೆಳತಿಯರ ಜೊತೆ ಮಾತು ಇದೆಯೇ? ಸುಟ್ಟ ಊರಿನ ಚಿತ್ರ ಬರೆಯುವುದು ತೊಂದರೆಯಲ್ಲ, ಓದಿದ್ದನ್ನು ಕೈಯಿಂದ ಅರಗಿಸಿಕೊಳ್ಳುವ ಕೆಲಸ ಅದು. ಚಿತ್ರ ತೋರಿಸುತ್ತಾಳೋ ಮುಚ್ಚಿಡುತ್ತಾಳೋ ಅನ್ನುವುದು ಮುಖ್ಯ. ಬದುಕುವುದೇ ಬೇಡ, ಏನು ಮಾಡಿದರೂ ಅಷ್ಟೇ ಅನ್ನುವ ಮಾತು ಬಂದರೆ ಮಾತ್ರ ತಡ ಮಾಡಬೇಡಿ, ನಮ್ಮಂಥವರ ಹತ್ತಿರ ಕರೆದುಕೊಂಡು ಬನ್ನಿ.

ಈ ಪುಸ್ತಕ ಸೈನಿಕರ ವಿರುದ್ಧ ಇದೆ ಅನ್ನುವುದು ಇನ್ನೊಂದು ಮಾತು. ನಿಮ್ಮ ಮನೆಯವರ ಮನಸ್ಸಿನಲ್ಲೂ ಇದೇ ಇರಬಹುದು. ಪುಸ್ತಕದ ಸಿಟ್ಟು ಇರುವುದು ಮಕ್ಕಳನ್ನು ಯುದ್ಧಕ್ಕೆ ತಳ್ಳುವವರ ಮೇಲೆ, ಅದನ್ನು ಟಿವಿಯಲ್ಲಿ ತೋರಿಸಿ ರಂಜನೆ ಮಾಡುವವರ ಮೇಲೆ. ಇರಾಕ್ ಯುದ್ಧದ ದೃಶ್ಯ ಒಂದು ಚಾನೆಲ್‌ನಲ್ಲಿ, ರಿಯಾಲಿಟಿ ಶೋ ಇನ್ನೊಂದರಲ್ಲಿ ಬರುತ್ತಿದ್ದಾಗ ಎರಡೂ ಬೆರೆತಂತಾಗಿ ಈ ಕಥೆ ಹೊಳೆಯಿತು ಅಂತ ಕಾಲಿನ್ಸ್ ಹೇಳಿದ್ದಾರೆ. ಕಾದಾಡಿದವರ ಬಗ್ಗೆ ಅವರಿಗೆ ಕರುಣೆಯೇ ಇದೆ. ಹಳೆಯ ಆಟಗಳಲ್ಲಿ ಗೆದ್ದು ಬಂದವರ ಗತಿ ನೋಡಿ. ಕ್ಯಾಟ್ನಿಸ್‌ಳನ್ನು ಆಟಕ್ಕೆ ತಯಾರು ಮಾಡುವ ಗುರು ಕುಡಿತಕ್ಕೆ ಬಿದ್ದಿದ್ದಾನೆ, ಕೈಯಲ್ಲಿ ಚಾಕು ಹಿಡಿದೇ ಮಲಗುತ್ತಾನೆ. ಒಬ್ಬಳಿಗೆ ಮೈಮೇಲೆ ನೀರು ಬಿದ್ದರೆ ನಡುಕ. ಮತ್ತೊಬ್ಬಳು ಮಾತಿನ ಮಧ್ಯೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಇವರನ್ನು ನೋಡಿ ನಗುವಂತೆ ಒಂದು ಸಾಲೂ ಇಲ್ಲ.

ಹಾಗಾದರೆ ಪುಸ್ತಕದ ಯುದ್ಧ ಪೂರ್ತಿ ನಿಜವೇ? ಇಲ್ಲ. ಇದನ್ನೂ ಮಗಳಿಗೆ ಹೇಳಬೇಕು.

ಅಲ್ಲಿ ಒಬ್ಬ ಹುಡುಗಿಯ ಸುತ್ತ ಇಡೀ ದೇಶದ ಯುದ್ಧ ತಿರುಗುತ್ತದೆ. ನಿಜದ ಯುದ್ಧ ಹಾಗೆ ಯಾರ ಸುತ್ತಲೂ ತಿರುಗುವುದಿಲ್ಲ. ಅದರಲ್ಲಿ ಕಾಯುವುದೇ ಜಾಸ್ತಿ. ಚಳಿ, ಹೊರೆ, ತಡವಾಗಿ ಬರುವ ಕಾಗದ, ಒಂದೇ ರುಚಿಯ ಊಟ. ಇದನ್ನು ನಿಮ್ಮ ಮನೆಯವರು ಯಾವ ಕಾದಂಬರಿಕಾರರಿಗಿಂತಲೂ ಚೆನ್ನಾಗಿ ಹೇಳಬಲ್ಲರು. ಪುಸ್ತಕದಲ್ಲಿ ದಂಗೆ ಎದ್ದು ಮುಗಿಯುವುದು ಬೇಗ. ನಮ್ಮ ಪಕ್ಕದ ಶ್ರೀಲಂಕಾದಲ್ಲಿ ಒಳಯುದ್ಧ 1983ರಿಂದ 2009ರವರೆಗೆ ನಡೆಯಿತು. ಯುದ್ಧದಲ್ಲೇ ಹುಟ್ಟಿ, ಯುದ್ಧದಲ್ಲೇ ಮದುವೆಯಾದವರು ಅಲ್ಲಿದ್ದಾರೆ. ಪುಸ್ತಕದಲ್ಲಿ ಕಾನೂನು ಅನ್ನುವುದೇ ಕಾಣುವುದಿಲ್ಲ. ನಿಜದಲ್ಲಿ 1949ರ ಜಿನೀವಾ ಒಪ್ಪಂದಗಳಿವೆ. ಗಾಯಾಳುಗಳ ಮೇಲೆ, ವೈದ್ಯಕೀಯ ಸಿಬ್ಬಂದಿಯ ಮೇಲೆ ಬೇಕೆಂದೇ ದಾಳಿ ಮಾಡುವುದು ಯುದ್ಧಾಪರಾಧ. ಮಕ್ಕಳನ್ನು ಕಾದಾಟಕ್ಕೆ ಇಳಿಸಬಾರದು ಅಂತ 2000ರಲ್ಲಿ ವಿಶ್ವಸಂಸ್ಥೆಯಲ್ಲಿ ಬೇರೆಯೇ ಒಂದು ಒಡಂಬಡಿಕೆ ಆಯಿತು. ಈ ನಿಯಮಗಳು ಮುರಿಯುತ್ತವೆ, ಹೌದು. ಆದರೆ ನಿಯಮ ಇರುವುದರಿಂದಲೇ ಮುರಿದವರನ್ನು ಕೇಳಲು ಆಗುತ್ತದೆ. ಇದು ಗೊತ್ತಿಲ್ಲದೆ ಬರೀ ಇಂಥ ಪುಸ್ತಕ ಓದಿದರೆ ಎಲ್ಲ ಸೈನ್ಯವೂ ಒಂದೇ, ಎಲ್ಲ ನಾಯಕರೂ ಒಂದೇ ಅನಿಸಿಬಿಡುತ್ತದೆ. ಈ ಬಗೆಯ ಕಾದಂಬರಿಗಳ ನಿಜವಾದ ಅಪಾಯ ನನ್ನ ಲೆಕ್ಕದಲ್ಲಿ ಇದು. ರಕ್ತ ಅಲ್ಲ, ಈ ಬೇಸರ.

ಇನ್ನೊಂದು ಕೊರತೆ ಇದೆ. ಯುದ್ಧ ಮುಗಿದ ಮೇಲಿನ ವರ್ಷಗಳನ್ನು ಇವು ನಾಲ್ಕಾರು ಪುಟದಲ್ಲಿ ದಾಟಿಬಿಡುತ್ತವೆ. ಕ್ಯಾಟ್ನಿಸ್‌ಗೆ ಇಬ್ಬರು ಮಕ್ಕಳಾಗುತ್ತಾರೆ. ಆ ಮಕ್ಕಳು ಆಡುವ ಹುಲ್ಲುಗಾವಲಿನ ಕೆಳಗೆ ಊರಿನವರ ಹೆಣಗಳಿವೆ. ಬಹಳ ಗಟ್ಟಿ ಚಿತ್ರ ಅದು. ಆದರೆ ಮಧ್ಯದ ವರ್ಷಗಳು ಎಲ್ಲಿ ಹೋದವು? ರೇಷನ್ ಹೇಗೆ ಬಂತು? ಗಂಡ ಸತ್ತವಳ ಪೆನ್ಷನ್ ಕಾಗದಕ್ಕೆ ಯಾರು ಓಡಾಡಿದರು? ಕಾಲು ಹೋದವನು ಏನು ಕೆಲಸ ಮಾಡಿದ? ನಮ್ಮ ಜಿಲ್ಲೆಯಲ್ಲಿ ಪೆನ್ಷನ್ ಪುಸ್ತಕ, ಕ್ಯಾಂಟೀನ್ ಕಾರ್ಡ್, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇಲ್ಲದ ಬೀದಿ ಕಡಿಮೆ. ಯುದ್ಧದ ನಂತರದ ಬದುಕು ಅಂದರೆ ನಮಗೆ ಅದೇ. ನಿಮ್ಮ ಮಗಳು ಆ ಬದುಕಿನ ಒಳಗೇ ಬೆಳೆದಿದ್ದಾಳೆ. ಅದನ್ನೂ ಒಂದು ಕಥೆ ಅಂತ ಯಾರೂ ಅವಳಿಗೆ ಹೇಳಿಲ್ಲ, ಅಷ್ಟೇ.

ಇಲ್ಲಿ ಒಬ್ಬರನ್ನು ನೆನೆಯಬೇಕು. ಮಡಿಕೇರಿಗೆ ಬಂದಾಗ ಮಗಳನ್ನು ‘ಸನ್ನಿ ಸೈಡ್’ಗೆ ಕರೆತನ್ನಿ. ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ ಆಗಿದೆ. ಮಕ್ಕಳು ಅಲ್ಲಿ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನೀವು ಕೊರಿಯಾದ ಕಥೆ ಹೇಳಿ. 1953ರಲ್ಲಿ ಕೊರಿಯಾ ಯುದ್ಧಕ್ಕೆ ಕದನವಿರಾಮ ಆಯಿತು. ತಮ್ಮ ದೇಶಕ್ಕೆ ಹಿಂತಿರುಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಉಳಿದರು. ಅವರನ್ನು ಏನು ಮಾಡುವುದು? ಆ ಕೆಲಸಕ್ಕೆ ಐದು ತಟಸ್ಥ ದೇಶಗಳ ಆಯೋಗ ಮಾಡಿದರು, ಅದರ ಅಧ್ಯಕ್ಷರು ನಮ್ಮ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಭಾರತದ ಸೇನೆ ಹೋಯಿತು. ಎರಡೂ ಕಡೆಯವರು ಬೈದರು. ಕ್ಯಾಂಪಿನೊಳಗೇ ಕೈದಿಗಳು ಗುಂಪು ಕಟ್ಟಿ ಹೊಡೆದಾಡಿಕೊಂಡರು. ಕೊನೆಗೆ ಯಾವ ಕಡೆಗೂ ಹೋಗಲಾರೆವು ಅಂದ 80ಕ್ಕೂ ಹೆಚ್ಚು ಜನ ಭಾರತಕ್ಕೇ ಬಂದರು. ಆಮೇಲೆ ತಿಮ್ಮಯ್ಯನವರು ತೀರಿಕೊಂಡದ್ದೂ 1965ರಲ್ಲಿ, ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ. ಯುದ್ಧ ಮಾಡಲು ಕಲಿತ ಕೊಡಗಿನ ಮನುಷ್ಯ ಯುದ್ಧವನ್ನು ಸರಿಯಾಗಿ ಮುಗಿಸುವ ಕೆಲಸಕ್ಕೆ ಹೀಗೆ ಎರಡು ಸಲ ಹೋದರು. ಪನೆಮ್‌ನಲ್ಲಿ ಇಲ್ಲದೇ ಹೋದದ್ದು ಇಂಥ ಜನ. ನಿಮ್ಮ ಮಗಳಿಗೆ ಇದು ತಟ್ಟನೆ ಅರ್ಥವಾಗುತ್ತದೆ ಅಂತ ನನಗೆ ನಂಬಿಕೆ.

ಕನ್ನಡದಲ್ಲಿ ಇದು ಹೊಸ ವಿಷಯವೂ ಅಲ್ಲ. ಸಾವಿರ ವರ್ಷದ ಹಿಂದೆ ರನ್ನ ‘ಗದಾಯುದ್ಧ’ ಬರೆದ. ಅದರಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ. ದ್ರೋಣನನ್ನು ನೋಡುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ನೋಡಿ ಕೈ ಮುಗಿಯುತ್ತಾನೆ. ಸ್ವಂತ ಮಗ ಲಕ್ಷಣಕುಮಾರನ ಮುಂದೆ ನಿಂತು, ಮಗ ಅಪ್ಪನಿಗೆ ತರ್ಪಣ ಬಿಡುವುದು ಲೋಕದ ಕ್ರಮ, ನನಗೆ ಅದು ತಿರುವುಮುರುವು ಆಯಿತಲ್ಲ ಅಂತ ಅಳುತ್ತಾನೆ. ಒಂಬತ್ತನೇ ಕ್ಲಾಸಿನವಳಿಗೆ ಹಳಗನ್ನಡ ಕಷ್ಟ. ಆದರೆ ಕಥೆಯನ್ನು ನೀವೇ ಹೇಳಬಹುದು. ಸೋತವನ ಕಣ್ಣಿನಿಂದ ರಣರಂಗ ನೋಡುವುದನ್ನು ಅಮೆರಿಕದಿಂದಲೇ ಕಲಿಯಬೇಕಿಲ್ಲ ಅನ್ನುವುದು ಅವಳಿಗೂ ಖುಷಿ ಕೊಡುತ್ತದೆ.

ಈಗ ಮುಂದೇನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ.

ಬೀಗ ಹಾಕಿಡುವುದು ಒಂದು ದಾರಿ. ಕೆಲವು ವರ್ಷದ ಹಿಂದೆ ಒಂದು ಶಾಲೆಯವರು ಲೈಬ್ರರಿಯಿಂದ ಇಂಥ ಪುಸ್ತಕಗಳನ್ನೆಲ್ಲ ತೆಗೆದರು. ಮಕ್ಕಳು ಫೋನಿನಲ್ಲಿ ಓದಿದರು. ಅದಕ್ಕಿಂತ ಹೆಚ್ಚಾಗಿ ಸಿನಿಮಾದ ಹೊಡೆದಾಟದ ತುಣುಕು ನೋಡಿದರು. ಬೆಕ್ಕಿನ ಪುಟ, ಹುಲ್ಲುಗಾವಲಿನ ಪುಟ ಯಾರಿಗೂ ಸಿಗಲಿಲ್ಲ. ಬೀಗ ಹಾಕಿದರೆ ಯುದ್ಧ ಉಳಿಯುತ್ತದೆ, ಅದರ ನಂತರದ ಭಾಗ ಹೋಗುತ್ತದೆ. ಜೊತೆಗೆ, ಕೇಳಿದ್ದಕ್ಕೆ ಶಿಕ್ಷೆ ಅಂತ ಮಗಳು ತಿಳಿಯುತ್ತಾಳೆ. ಮುಂದೆ ಬೇರೆ ವಿಷಯ ಕೇಳಬೇಕಾದಾಗಲೂ ನಿಮ್ಮ ಹತ್ತಿರ ಬರುವುದಿಲ್ಲ. ಹಾಗಂತ, ಓದಿಕೊಳ್ಳಲಿ ಬಿಡು ಅಂತ ಒಬ್ಬಳನ್ನೇ ಬಿಡುವುದೂ ಸರಿಯಲ್ಲ. ಇಂಥ ಪುಸ್ತಕ ಓದಿದ ಮೇಲೆ ಮಾತಾಡಲು ಒಬ್ಬರು ಬೇಕು.

ನೀವೇ ಓದಿ. ಇಂಗ್ಲಿಷ್ ಓದುವ ಅಭ್ಯಾಸ ಇಲ್ಲದಿದ್ದರೆ ಅವಳ ಕೈಯಲ್ಲೇ ಕೊನೆಯ ಎರಡು ಅಧ್ಯಾಯ ಓದಿಸಿ, ಕನ್ನಡದಲ್ಲಿ ಹೇಳಿಸಿ. ಅಡುಗೆ ಮಾಡುತ್ತ ಕೇಳಿಸಿಕೊಳ್ಳಿ. ಇದರಲ್ಲೂ ಒಂದು ಅಪಾಯ ಇದೆ. ಪ್ರತಿ ಪುಟಕ್ಕೂ ನೀತಿ ಹೇಳಲು ಹೊರಟರೆ ಎರಡನೇ ದಿನ ಅವಳು ಬರುವುದಿಲ್ಲ.

ಎನ್‌ಸಿಸಿ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎ ಸರ್ಟಿಫಿಕೇಟ್ ಪರೀಕ್ಷೆ ಹತ್ತಿರ ಇದ್ದರೆ ಅದೊಂದು ಮುಗಿಸು ಅಂತ ಕೇಳಿ ನೋಡಿ. ಒಪ್ಪದಿದ್ದರೆ ಬಿಡಿ. ಅಜ್ಜ, ಅಪ್ಪ ಸೇನೆಯಲ್ಲಿದ್ದ ಮನೆಯಲ್ಲಿ ಬೇಡ ಅನ್ನಲು ಅವಳಿಗೂ ಧೈರ್ಯ ಬೇಕಾಗಿತ್ತು.

ಕಷ್ಟದ ಭಾಗ ನಿಮ್ಮ ಮನೆಯವರದ್ದು. ಕೊಂದಿದ್ದೀಯಾ ಅನ್ನುವುದು ಸೈನಿಕನಿಗೆ ಕೇಳಬಾರದ ಪ್ರಶ್ನೆ. ಅದಕ್ಕೆ ಯಾವ ಉತ್ತರ ಕೊಟ್ಟರೂ ಅವರಿಗೆ ನೆಮ್ಮದಿ ಇಲ್ಲ. ಇದನ್ನು ಮಗಳಿಗೆ ಬೈಯದೆ ಹೇಳಿ. ಕೇಳಲು ಬೇರೆ ಪ್ರಶ್ನೆಗಳಿವೆ. ಅಲ್ಲಿ ಏನು ತಿನ್ನುತ್ತಿದ್ದೆ? ಯಾರ ಜೊತೆ ಇರುತ್ತಿದ್ದೆ? ಅವರು ಈಗ ಎಲ್ಲಿದ್ದಾರೆ? ಮನೆಗೆ ಬಂದ ಮೊದಲ ರಾತ್ರಿ ನಿದ್ದೆ ಬಂತಾ? ಊಟದ ಮನೆಯಲ್ಲಿ ಎಲ್ಲರೂ ನೋಡುವಾಗ ಇವು ಬೇಡ. ಕಣದಲ್ಲಿ ಕಾಫಿ ಹರಡುವಾಗ, ಮೆಣಸು ಬಿಡಿಸುವಾಗ, ಜೀಪಿನಲ್ಲಿ ಪಕ್ಕದಲ್ಲಿ ಕೂತಾಗ ಕೇಳಲಿ. ಕೈಗೆ ಕೆಲಸ ಇದ್ದು, ಮುಖ ನೋಡಬೇಕಾಗಿಲ್ಲ ಅಂದರೆ ಗಂಡಸರ ಬಾಯಿ ತಾನಾಗಿ ಬಿಡುತ್ತದೆ. ‘ಇವತ್ತು ಬೇಡ ಮಗಳೇ’ ಅಂದರೆ ಅದೂ ಒಂದು ಉತ್ತರ. ಅದನ್ನು ಒಪ್ಪಿಕೊಳ್ಳುವುದನ್ನೂ ಅವಳು ಕಲಿಯಲಿ.

ನಾನು ಒಮ್ಮೆ ಇಲ್ಲಿ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ನಿವೃತ್ತ ಸೈನಿಕರಿಗೆ, ಎಲ್ಲವನ್ನೂ ಒಂದೇ ಸಲ ಹೇಳಿ ಹಗುರಾಗಿ ಅಂತ ಒತ್ತಾಯ ಮಾಡಿದೆ. ಒಂದು ಗಂಟೆ ಹೇಳಿದರು. ವಾರಪೂರ್ತಿ ಅವರು ನಿದ್ದೆ ಮಾಡಲಿಲ್ಲ ಅಂತ ಹೆಂಡತಿ ಫೋನ್ ಮಾಡಿದರು. ಅವರು ಮತ್ತೆ ನನ್ನ ಹತ್ತಿರ ಬರಲಿಲ್ಲ. ಅಂದಿನಿಂದ ಯಾರಿಗೂ ನಾನು ಹಾಗೆ ಹೇಳಿಲ್ಲ. ನಿಮ್ಮ ಮನೆಯವರನ್ನೂ ನೀವು ಒತ್ತಾಯ ಮಾಡಬೇಡಿ, ಮಗಳ ಸಲುವಾಗಿ ಕೂಡ.

ಒಂದು ವಿಷಯ ಗಮನಿಸಿ. ಆನೆ ಓಡಿಸಲು ರಾತ್ರಿ ಪಟಾಕಿ ಸಿಡಿಸಿದಾಗ ಅವರಿಗೆ ಏನಾಗುತ್ತದೆ? ಬೆವರಿ ಎದ್ದು ಕೂರುತ್ತಾರೆಯೇ? ಕೆಟ್ಟ ಕನಸು, ಸಣ್ಣದಕ್ಕೆ ಸಿಟ್ಟು, ಹಳೆಯ ಗೆಳೆಯರನ್ನು ತಪ್ಪಿಸುವುದು, ನಿದ್ದೆಗೆ ಅಂತಲೇ ಕ್ಯಾಂಟೀನ್ ರಮ್ ಜಾಸ್ತಿಯಾಗುವುದು, ಇವು ಒಂದು ತಿಂಗಳಿಗೂ ಮೀರಿ ನಡೆದಿದ್ದರೆ ವೈದ್ಯರು ನೋಡಬೇಕು. ದೊಡ್ಡ ಆಘಾತದ ನಂತರ ಉಳಿಯುವ ಈ ಮಾನಸಿಕ ತೊಂದರೆಗೆ ಪಿಟಿಎಸ್‌ಡಿ ಅನ್ನುತ್ತಾರೆ. ವೈದ್ಯಶಾಸ್ತ್ರ ಈ ಹೆಸರನ್ನು ಒಪ್ಪಿದ್ದೇ 1980ರಲ್ಲಿ, ವಿಯೆಟ್ನಾಂನಿಂದ ಬಂದ ಸೈನಿಕರನ್ನು ನೋಡಿದ ಮೇಲೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಶೆಲ್ ಶಾಕ್ ಅನ್ನುತ್ತಿದ್ದರು, ಎಷ್ಟೋ ಜನರನ್ನು ಹೇಡಿಗಳೆಂದೇ ಕರೆದರು. ಹೇಡಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಯುದ್ಧ ನೋಡಿದವರಿಗೆಲ್ಲ ಇದು ಬರುವುದೂ ಇಲ್ಲ, ಹೆಚ್ಚಿನವರಿಗೆ ಬರುವುದಿಲ್ಲ. ಒಂದು ಪ್ರಶ್ನೆಗೆ ಎದ್ದುಹೋದರು ಅನ್ನುವುದರಿಂದ ಅವರಿಗೆ ಕಾಯಿಲೆ ಅಂತ ನೀವು ತೀರ್ಮಾನಿಸಬೇಡಿ. ಬಂದಿದ್ದರೆ ಒಳ್ಳೆಯ ಚಿಕಿತ್ಸೆ ಇದೆ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಕೇಳಿ ಮನೋವೈದ್ಯರಿಗೆ ಬರೆಸಿಕೊಳ್ಳಬಹುದು. ಮನೆಯಿಂದಲೇ ಮಾತಾಡಬೇಕಾದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ನೀವೂ ಮಾಡಬಹುದು. ಎಷ್ಟೋ ವರ್ಷದ ಮೌನದ ಪಕ್ಕದಲ್ಲಿ ಬದುಕಿದವರು ನೀವು, ನಿಮಗೂ ಯಾರ ಹತ್ತಿರವಾದರೂ ಹೇಳಿಕೊಳ್ಳುವುದು ಇರುತ್ತದೆ.

ಹುಟ್ಟುಹಬ್ಬದ ಪುಸ್ತಕ ಕೊಡಿಸಿ. ಅದೇ ಸರಣಿಯಲ್ಲಿ ಆಮೇಲೆ ಎರಡು ಬಂದಿವೆ. 2025ರಲ್ಲಿ ಬಂದದ್ದು ಆ ಕುಡುಕ ಗುರುವಿನ ಹುಡುಗ ವಯಸ್ಸಿನ ಕಥೆ. ಅವನು ಯಾಕೆ ಹಾಗಾದ ಅನ್ನುವುದು ಅದರಲ್ಲಿದೆ. 2020ರದ್ದು ಮೊದಲ ಯುದ್ಧ ಮುಗಿದು ಹತ್ತು ವರ್ಷವಾದಾಗ ನಡೆಯುವುದು. ರಾಜಧಾನಿಯ ಬೀದಿಯಲ್ಲಿ ಇನ್ನೂ ಒಡೆದ ಗೋಡೆಗಳ ರಾಶಿ ಬಿದ್ದಿದೆ. ದೊಡ್ಡ ಮನೆತನದ ಹುಡುಗನೊಬ್ಬ ಎಲೆಕೋಸಿನ ಸಾರು ಕುಡಿದು, ಹಸಿದಿಲ್ಲ ಅನ್ನುವಂತೆ ನಟಿಸುತ್ತ ಶಾಲೆಗೆ ಹೋಗುತ್ತಾನೆ. ಮುಂದೆ ಅವನೇ ಆ ದೇಶದ ಕ್ರೂರ ಅಧ್ಯಕ್ಷನಾಗುತ್ತಾನೆ. ಮುತ್ತಿಗೆಯ ಕಾಲದಲ್ಲಿ ಅವನು ಕಂಡ ಹಸಿವು ಅವನೊಳಗೆ ಏನು ಮಾಡಿತು ಅನ್ನುವುದೇ ಕಥೆ. ಯುದ್ಧದ ನಂತರದ ಬದುಕಿನ ಬಗ್ಗೆ ಇಡೀ ಸರಣಿಯಲ್ಲಿ ಇದೇ ಹೆಚ್ಚು ಗಟ್ಟಿ ಪುಸ್ತಕ ಅಂತ ನನ್ನ ಅಭಿಪ್ರಾಯ. ಆದರೆ ಕೆಟ್ಟವನಾಗುವವನ ಮನಸ್ಸಿನ ಒಳಗೇ ಕೂತು ಓದಬೇಕು. 14ಕ್ಕೆ ಸ್ವಲ್ಪ ಭಾರ. ಅದನ್ನು ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದ ಮೇಲಿನ ರಜೆಗೆ ಇಟ್ಟುಕೊಳ್ಳಿ.

ಈಗ ಒಂದು ತೆಳು ಪುಸ್ತಕ ಸಾಕು. ಲೋಯಿಸ್ ಲೌರಿ ಅವರ ‘ದಿ ಗಿವರ್’, 1993ರದ್ದು. ಅದರಲ್ಲಿ ನೋವಿನ ನೆನಪೇ ಇಲ್ಲದ ಒಂದು ಊರು ಇದೆ. ಎಲ್ಲರ ಪರವಾಗಿ ಒಬ್ಬ ಮುದುಕ ಯುದ್ಧದ ನೆನಪನ್ನು ಹೊತ್ತಿರುತ್ತಾನೆ. ಅವನಿಂದ ಅದನ್ನು ಪಡೆದುಕೊಂಡ ಹುಡುಗ, ಗೆಳೆಯರು ಎಂದಿನಂತೆ ಯುದ್ಧದ ಆಟ ಆಡುವಾಗ ಮೈದಾನದ ಮಧ್ಯೆ ನಿಂತುಬಿಡುತ್ತಾನೆ. ಈ ಆಟ ಬೇಡ ಅನ್ನುತ್ತಾನೆ. ಗೆಳೆಯರಿಗೆ ಅರ್ಥವಾಗುವುದಿಲ್ಲ. ಆ ಅಧ್ಯಾಯವನ್ನು ನಿಮ್ಮ ಮಗಳು ತೋಟದಲ್ಲಿ ಕೂತು ಅಪ್ಪನಿಗೆ ಕನ್ನಡದಲ್ಲಿ ಹೇಳಲಿ. ಪ್ರಶ್ನೆ ಏನೂ ಕೇಳುವುದು ಬೇಡ. ಬರೀ ಕಥೆ ಹೇಳಲಿ. ಬೀರುವಿನ ಬೀಗ ಅದಕ್ಕೂ ಮೊದಲು ತೆಗೆದಿಡಿ.